ಗಂಗಾಮೂಲದಿಂದ ಕೇಡಗಾಂವ್‌ಗೆ, ಅಮ್ಮನ ಜೊತೆ ಐದು ದಿನ

ದಿನ 1: ಮಾಳ, ಗಂಗಾಮೂಲ

ನೂರು ವರ್ಷದ ಹಿಂದೆ ವಿಧವೆಯರಿಗೆ ಶಾಲೆ, ಆಶ್ರಮ ಕಟ್ಟಿದ ಸಂಸ್ಕೃತ ವಿದ್ವಾಂಸೆ ಪಂಡಿತಾ ರಮಾಬಾಯಿ ನಮ್ಮ ಕಡೆಯವರು ಅಂತ ನನಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ, ಅದೂ ಬೆಂಗಳೂರಲ್ಲಿ ಕೂತು ಓದಿದಾಗ. ಕಾರ್ಕಳದಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಚಿತ್ಪಾವನಿ (ಮರಾಠಿಗೆ ಹತ್ತಿರದ ನಮ್ಮ ಮನೆಮಾತು) ಮಾತಾಡಿಕೊಂಡು, ರಜೆಗೆ ಮಾಳದ ನೆಂಟರ ತೋಟದಲ್ಲಿ ಅಡಿಕೆ ಹೆಕ್ಕಿ ದೊಡ್ಡವಳಾದ ನನಗೆ ಒಬ್ಬರೂ ಹೇಳಿರಲಿಲ್ಲ ಮಾರಾಯ್ರೆ. ಅಮ್ಮನಿಗೆ ಫೋನ್ ಮಾಡಿ ಕೇಳಿದ್ರೆ, "ಹೌದು ಡೋಂಗ್ರೆಯವರ ಮಗಳು, ಗೊತ್ತುಂಟು" ಅಂದ್ರು. ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ ಅಂದೆ. "ಅವಳು ಕ್ರಿಶ್ಚಿಯನ್ ಆದಳಲ್ಲ" ಅಂತ ಅಷ್ಟೇ ಹೇಳಿ ಹಲಸಿನ ಹಪ್ಪಳದ ವಿಷಯಕ್ಕೆ ಹೋದ್ರು.

ಆ ಒಂದು ಮಾತಿಂದಾನೇ ಈ ಪ್ರವಾಸ ಶುರುವಾಗಿದ್ದು. ರಮಾಬಾಯಿ ಹುಟ್ಟಿದ ಗಂಗಾಮೂಲದಿಂದ ಮಣ್ಣಾದ ಜಾಗ, ಪುಣೆ ಕಡೆಯ ಕೇಡಗಾಂವ್ ತನಕ ಹೋಗಿ ಬರೋಣ, ನೀವೂ ಬನ್ನಿ ಅಂತ ಅಮ್ಮನನ್ನ ಒಪ್ಪಿಸೋಕೆ ಎರಡು ತಿಂಗಳು ಹಿಡೀತು. 74 ವರ್ಷ, ಮಂಡಿನೋವು, ಹೊರಗಿನ ಊಟ ಆಗಲ್ಲ. ಕೊನೆಗೆ "ರೈಲಲ್ಲಿ ಕೆಳಗಿನ ಬರ್ತ್ ಸಿಗ್ತದಾದ್ರೆ ಬರ್ತೇನೆ" ಅಂದ್ರು.

ಫೆಬ್ರವರಿ, ಬೆಳಿಗ್ಗೆ ಏಳಕ್ಕೆ ಕಾರ್ಕಳ ಬಿಟ್ವಿ, ಬಜಗೋಳಿ ದಾಟಿ ಮಾಳ. ಅಲ್ಲಿಂದ ಘಾಟಿ ಹತ್ತೋಕೆ ಮುಂಚೆ ಅರಣ್ಯದವರ ಚೆಕ್‌ಪೋಸ್ಟ್, ಗಾಡಿ ನಂಬರ್ ಟೈಮ್ ಎಲ್ಲ ಬರ್ಕೊಂಡು ಚೀಟಿ ಕೊಟ್ರು, ಮಧ್ಯದಲ್ಲಿ ಕಂಡಕಂಡಲ್ಲಿ ನಿಲ್ಲಿಸ್ಬೇಡಿ ಅಂದ್ರು. ಎಸ್.ಕೆ. ಬಾರ್ಡರ್ ಹತ್ರ ಶೃಂಗೇರಿ ರಸ್ತೆ ಬಿಟ್ಟು ಕುದುರೆಮುಖದ ಕಡೆ ತಿರುಗಿದ್ರೆ ಶೋಲಾ ಕಾಡು, ಹುಲ್ಲುಗುಡ್ಡ, ಮಂಜು. ಈ ಕಾಡೊಳಗೇ ಎಲ್ಲೋ ಗಂಗಾಮೂಲ, ತುಂಗಾ ಭದ್ರಾ ನೇತ್ರಾವತಿ ಮೂರೂ ಹುಟ್ಟೋ ಜಾಗ. ಪರ್ಮಿಶನ್ ಇಲ್ಲದೆ ಒಳಗೆ ಬಿಡಲ್ಲ, ಅಮ್ಮನ ಮಂಡಿಗೆ ಪರ್ಮಿಶನ್ ಸಿಕ್ಕಿದ್ರೂ ಪ್ರಯೋಜನ ಇಲ್ಲ, ಹಾಗಾಗಿ ಕಾರಿನ ಕಿಟಕಿಯಿಂದಾನೇ ನೋಡಿದ್ದು.

23 ಏಪ್ರಿಲ್ 1858, ರಮಾಬಾಯಿ ಹುಟ್ಟಿದ್ದು ಈ ಕಾಡಲ್ಲಿ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ಓದೋಕೆ ಪುಣೆಗೆ ಹೋಗಿದ್ದವರು, ಅಲ್ಲಿ ಅವರ ಗುರು ಪೇಶ್ವೆ ಬಾಜೀರಾಯನ ಹೆಂಡತಿಗೂ ಸಂಸ್ಕೃತ ಹೇಳ್ಕೊಡ್ತಿದ್ರಂತೆ, ಅದನ್ನ ನೋಡಿ ಇವರ ತಲೆಯಲ್ಲೂ ಹುಳ ಹೊಕ್ಕಿದೆ. ಮೊದಲನೇ ಹೆಂಡತಿಗೆ ಕಲಿಸೋಕೆ ಮನೆಯವರು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ ವಯಸ್ಸಲ್ಲಿ, ಯಾತ್ರೆಗೆ ಹೋದಾಗ ಸಿಕ್ಕ ಒಂಬತ್ತು ವರ್ಷದ ಲಕ್ಷ್ಮೀಬಾಯಿನ ಮದುವೆ ಆಗಿ ಕರ್ಕೊಂಡು ಬಂದು ಕಲಿಸಿದ್ರು. ಈಗ ಓದಿದ್ರೆ ಮೊದಲ ಅರ್ಧಕ್ಕೆ ಮೈ ಉರೀತದೆ, ಎರಡನೇ ಅರ್ಧಕ್ಕೆ ಏನು ಹೇಳೋದು ಗೊತ್ತಾಗಲ್ಲ. ಊರವರು ಗಲಾಟೆ ಮಾಡಿದಾಗ ಉಡುಪಿಯಲ್ಲಿ ಪಂಡಿತರ ಸಭೆ ಮುಂದೆ ನಿಂತು, ಹೆಂಗಸಿಗೆ ಸಂಸ್ಕೃತ ಹೇಳ್ಕೊಟ್ರೆ ಶಾಸ್ತ್ರದಲ್ಲಿ ಏನೂ ಅಡ್ಡಿ ಇಲ್ಲ ಅಂತ ಒಂದೊಂದಾಗಿ ಆಧಾರ ಕೊಟ್ಟು ವಾದ ಮಾಡಿದ್ದಾರೆ. ಆಮೇಲೆ ಈ ಕಾಡಿಗೆ ಬಂದು ಆಶ್ರಮ ಕಟ್ಕೊಂಡಿದ್ದು.

ರಮಾಬಾಯಿಗೆ ಆರು ತಿಂಗಳಾಗುವಾಗ ದುಡ್ಡೆಲ್ಲ ಖಾಲಿ, ಸಂಸಾರ ಸಮೇತ ಊರು ಬಿಟ್ರು, ಮಗುನ ಬೆತ್ತದ ಬುಟ್ಟಿಲಿ ಹಾಕಿ ಆಳೊಬ್ಬ ತಲೆ ಮೇಲೆ ಹೊತ್ಕೊಂಡು ಘಾಟಿ ಇಳಿದನಂತೆ. ಅಮ್ಮ ಇದನ್ನ ಕೇಳಿ ಹೊರಗಿನ ತಿರುವು ನೋಡ್ತಾ, "ಈ ಘಾಟಿಯಲ್ಲಿ ಕಾರಲ್ಲೇ ವಾಂತಿ ಬರ್ತದೆ, ಆ ಬಾಣಂತಿ ನಡ್ಕೊಂಡು ಹೋದಳಾ" ಅಂದ್ರು. ಅವರ ಲೆಕ್ಕದಲ್ಲಿ ಆರು ತಿಂಗಳಿಗೂ ಬಾಣಂತಿನೇ.

ವಾಪಸ್ ಬರುವಾಗ ಮಾಳದಲ್ಲಿ ಒಬ್ಬ ಪರಿಚಯದವರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದ್ವಿ. ಅಮ್ಮ ಸುಮ್ಮನೆ ಕೂತಿದ್ದವರು ಇದ್ದಕ್ಕಿದ್ದ ಹಾಗೆ ದೊಡ್ಡಜ್ಜಿ ವಿಷಯ ತೆಗೆದ್ರು. ದೊಡ್ಡಜ್ಜಿ ಅಂದ್ರೆ ನನ್ನಪ್ಪನ ಸೋದರತ್ತೆ. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ಗಂಡ ಸತ್ತ, ಆಮೇಲೆ ಎಂಬತ್ತು ವರ್ಷದ ತನಕ ನಮ್ಮ ಮನೆ ಹಿಂದಿನ ಕೋಣೆಯಲ್ಲಿ ಕೆಂಪು ಸೀರೆ, ಬೋಳು ತಲೆ. ನಾನು ನೋಡಿದ ನೆನಪು ಮಸುಕು. ಅಮ್ಮ 1972ರಲ್ಲಿ ಮದುವೆಯಾಗಿ ಬಂದ ಹೊಸತರಲ್ಲಿ ತಿಂಗಳಿಗೊಮ್ಮೆ ಕ್ಷೌರದವನು ಹಿತ್ತಿಲ ಬಾಗಿಲಿಂದ ಬರ್ತಿದ್ದನಂತೆ, ನೀರು ತಂದಿಡೋದು ಹೊಸ ಸೊಸೆ ಕೆಲಸ. "ನಾನು ಚೊಂಬು ಇಟ್ಟು ಓಡಿ ಬರ್ತಿದ್ದೆ, ಮುಖ ನೋಡ್ತಿರಲಿಲ್ಲ" ಅಂದ್ರು. ಇಷ್ಟು ವರ್ಷದಲ್ಲಿ ಇದನ್ನ ನನಗೆ ಹೇಳಿದ್ದು ಇದೇ ಮೊದಲು.

ದಿನ 2: ಬಸ್ಸು, ಮತ್ತೆ ರೈಲು

ಇವತ್ತು ಬರೆಯೋಕೆ ಏನಿಲ್ಲ. ಕಾರ್ಕಳದಿಂದ ಬೆಂಗಳೂರಿಗೆ ಬಸ್ಸು, ಮನೆಲಿ ಸ್ನಾನ, ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್. ಕೆಳಗಿನ ಬರ್ತ್ ಸಿಕ್ತು. ಅಮ್ಮ ಚಪಾತಿ, ಚಟ್ನಿಪುಡಿ, ಅವಲಕ್ಕಿ, ಒಂದು ಡಬ್ಬಿ ಉಪ್ಪಿನಕಾಯಿ ಕಟ್ಟಿಕೊಂಡಿದ್ರು, ಕಾಶಿಗೆ ಹೊರಟವರ ಥರ.

ಮಲಗೋಕೆ ಮುಂಚೆ ಅವರಿಗೆ ಹೇಳಿದೆ, ರಾತ್ರಿ ರಾಯಚೂರು ದಾಟ್ತೇವೆ, ರಮಾಬಾಯಿಯ ತಾಯಿ ತೀರಿಕೊಂಡಿದ್ದು ರಾಯಚೂರಲ್ಲಿ ಅಂತ. 1870ರ ದಶಕದ ಬರಗಾಲ. ಅಪ್ಪ ಅಮ್ಮ ಅಕ್ಕ ಅಣ್ಣ ಇವಳು, ಪುರಾಣ ಹೇಳ್ಕೊಂಡು ಊರೂರು ಸುತ್ತಿ ಬದುಕ್ತಿದ್ದ ಕುಟುಂಬ, ಬರ ಬಂದ ಮೇಲೆ ಪುರಾಣ ಕೇಳೋರು ಯಾರು. ಹನ್ನೊಂದು ದಿನ ಎಲೆ ತಿಂದು ನೀರು ಕುಡಿದು ತಿರುಪತಿ ಹತ್ರದ ಕಾಡಲ್ಲಿದ್ರು, ಅಪ್ಪ ಹೋದ್ರು. ರಾಯಚೂರಿಗೆ ಬರುವಾಗ ತಾಯಿಗೆ ಜ್ವರ, ಹಸಿವು, ರೊಟ್ಟಿ ಬೇಕು ಅಂತ ಕೂಗ್ತಿದ್ಳಂತೆ. ಹದಿನಾರು ವರ್ಷದ ಹುಡುಗಿ ಒಂದು ಬ್ರಾಹ್ಮಣರ ಮನೆ ಬಾಗಿಲಿಗೆ ಹೋಗಿ ನಿಂತಳು, ಒಂದು ತುಂಡು ಸಜ್ಜೆ ರೊಟ್ಟಿ ಕೇಳೋಕೆ. ಬಾಯಿ ಬರಲಿಲ್ಲ. ಸಾವಿರ ಸಾವಿರ ಶ್ಲೋಕ ಬಾಯಿಪಾಠ ಇದ್ದವಳು, ಆದ್ರೆ ಬೇಡೋ ಮಾತು ಗಂಟಲಲ್ಲೇ ನಿಂತಿತು. ಕೊನೆಗೆ ಹೇಗೋ ಕೇಳಿದಳು, ಆ ಮನೆಯಾಕೆ ಕೊಟ್ಟಳು, ಇವಳು ಓಡಿ ಬಂದು ನೋಡಿದ್ರೆ ತಾಯಿಗೆ ತಿನ್ನೋ ಶಕ್ತಿ ಉಳಿದಿರಲಿಲ್ಲ.

ಅಮ್ಮ ಏನೂ ಹೇಳಲಿಲ್ಲ. ರಾಯಚೂರು ಬಂದಾಗ ಎಬ್ಬಿಸು ಅಂದ್ರು. ನಾನೂ ಮಲಗಿಬಿಟ್ಟೆ, ಎಚ್ಚರಾದಾಗ ಕಲಬುರಗಿ.

ದಿನ 3: ಕಲಬುರಗಿ ದಾಟಿ ದೌಂಡ್

"ಎಬ್ಬಿಸು ಅಂದಿದ್ದೆ" ಅಂತ ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ರು. ಸಮಾಧಾನಕ್ಕೆ ಕಲಬುರಗಿ ಪ್ಲಾಟ್‌ಫಾರ್ಮ್ ಚಹಾ ತಂದುಕೊಟ್ಟು, ಇಲ್ಲೂ ಅವರ ನಂಟು ಉಂಟು ಅಂದೆ. ರಮಾಬಾಯಿ ಮಗಳು ಮನೋರಮಾ 1912-13ರ ಸುಮಾರಿಗೆ ಗುಲ್ಬರ್ಗದಲ್ಲಿ ಶಾಲೆ ನಡೆಸಿದ್ರು, ಆಗ ಇದು ನಿಜಾಮರ ಸೀಮೆ. ಹುಟ್ಟೂರು ಬಿಟ್ಟು ಅರ್ಧ ಶತಮಾನ ಆದ ಮೇಲೆ ಆ ಮನೆಯ ಹೆಣ್ಣುಮಗಳೊಬ್ಬಳು ಮತ್ತೆ ಕನ್ನಡ ನಾಡಿಗೆ ಬಂದಿದ್ದು ಪಾಠ ಹೇಳೋಕೆ, ಅದು ನನಗೆ ತುಂಬಾ ಇಷ್ಟವಾದ ವಿಷಯ.

ಸೊಲ್ಲಾಪುರ ದಾಟಿದ ಮೇಲೆ ಕಿಟಕಿ ಹೊರಗೆ ಬರೀ ಬಯಲು. ಅಮ್ಮನಿಗೆ ಮಿಕ್ಕ ಕಥೆ ಹೇಳ್ತಾ ಹೋದೆ. ಅಣ್ಣ ತಂಗಿ ಇಬ್ಬರೇ ಉಳಿದು ದೇಶ ಎಲ್ಲ ನಡೆದು 1878ರಲ್ಲಿ ಕಲಕತ್ತಾ ಮುಟ್ಟಿದ್ದು, ಅಲ್ಲಿನ ವಿದ್ವಾಂಸರು ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟಿದ್ದು, ಅಣ್ಣನೂ ಸತ್ತಿದ್ದು, 1880ರಲ್ಲಿ ಬಂಗಾಳಿ ವಕೀಲ ಬಿಪಿನ್ ಬಿಹಾರಿಯನ್ನ ಮದುವೆಯಾಗಿದ್ದು, ಬೇರೆ ಜಾತಿ ಬೇರೆ ಭಾಷೆ, 1882ರಲ್ಲಿ ಅವನೂ ಕಾಲರಾದಲ್ಲಿ ಹೋಗಿದ್ದು. ಕೈಯಲ್ಲಿ ಹತ್ತು ತಿಂಗಳ ಮಗು. "ಇವಳಿಗೂ ತಲೆ ಬೋಳಿಸಿದ್ರಾ" ಅಂತ ಕೇಳಿದ್ರು ಅಮ್ಮ. ಬೋಳಿಸೋಕೆ ಯಾರೂ ಉಳಿದಿರಲಿಲ್ಲ ಅಮ್ಮ ಅಂದೆ.

ಆಮೇಲೆ ಅಮ್ಮ ಕೇಳಬೇಕಿದ್ದ ಪ್ರಶ್ನೆ ಬಂತು, ಮತ್ತೆ ಕ್ರಿಶ್ಚಿಯನ್ ಯಾಕೆ ಆದಳು, ಯಾರು ಮಾಡಿದ್ದು ಅಂತ. "ಯಾರು ಮಾಡಿದ್ದು" ಅಂತ ಕೇಳೋದ್ರಲ್ಲೇ ಎಡವಟ್ಟು ಇದೆ ಅಂತ ನನಗೆ ಅನ್ಸ್ತದೆ, ಉಡುಪಿಯ ಸಭೆಯಲ್ಲಿ ವಾದ ಮಾಡಿದವರ ಮಗಳನ್ನ ಯಾರಾದ್ರೂ ಏನಾದ್ರೂ ಮಾಡಿಸೋಕೆ ಆಗ್ತದಾ. ಡಾಕ್ಟರ್ ಓದೋ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದ್ರು, ಕಿವಿ ಸರಿಯಾಗಿ ಕೇಳ್ತಿರಲಿಲ್ಲ ಅಂತ ಅದು ಆಗಲಿಲ್ಲ. ವಾಂಟೇಜ್ ಅನ್ನೋ ಊರಲ್ಲಿ ಸನ್ಯಾಸಿನಿಯರ ಮಠದಲ್ಲಿ ಉಳಿದಿದ್ರು. ಆ ಸಿಸ್ಟರ್‌ಗಳು ಲಂಡನ್ನಿನ ಫುಲಂನಲ್ಲಿ ಒಂದು ಮನೆ ನಡೆಸ್ತಿದ್ರು, ಊರವರು 'ಕೆಟ್ಟವಳು' ಅಂತ ಹೊರಹಾಕಿದ ಹೆಂಗಸರಿಗೆ. ಅದನ್ನ ನೋಡಿ ರಮಾಬಾಯಿಗೆ ಗರ ಬಡಿದ ಹಾಗಾಯ್ತು. ತಾನು ಓದಿದ ಧರ್ಮಶಾಸ್ತ್ರಗಳಲ್ಲಿ ಇಂಥವಳಿಗೆ ಶಿಕ್ಷೆ ಇತ್ತೇ ಹೊರತು ವಾಪಸ್ ಬರೋ ದಾರಿ ಇರಲಿಲ್ಲ, ಇಲ್ಲಿ ಯಾಕೆ ಇದೆ ಅಂತ ಕೇಳಿದಾಗ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆ ತೆಗೆದು ಸಮಾರ್ಯದ ಹೆಂಗಸಿನ ಕಥೆ ಓದಿದ್ರು, ಬಾವಿ ಕಟ್ಟೆ ಮೇಲೆ ಯೇಸು ನೀರು ಕೇಳ್ತಾನಲ್ಲ ಅದು. 29 ಸೆಪ್ಟೆಂಬರ್ 1883ಕ್ಕೆ ದೀಕ್ಷಾಸ್ನಾನ.

ಆದ್ರೆ ಇಲ್ಲಿಗೆ ಕಥೆ ಮುಗಿದಿದ್ರೆ ನಾನು ಇಷ್ಟು ದೂರ ಬರ್ತಿರಲಿಲ್ಲ. ದೀಕ್ಷೆ ಕೊಟ್ಟವರ ಜೊತೆಗೇ ಜಗಳ ಶುರು. ಶಿಲುಬೆ ಹಾಕೋದಾದ್ರೆ ಅದರ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತದಲ್ಲಿ ಬರೀರಿ ಅಂದ್ರು. ಚೆಲ್ಟನ್‌ಹ್ಯಾಮ್ ಕಾಲೇಜಲ್ಲಿದ್ದಾಗ ಇಂಗ್ಲಿಷ್ ಗಂಡಸರಿಗೆ ಈಕೆ ಪಾಠ ಮಾಡಬಾರದು ಅಂತ ಬಿಷಪ್‌ಗಳು ತಕರಾರು ತೆಗೆದಾಗ ಕೆಂಡಾಮಂಡಲ. ಇಂಡಿಯಾದ ಪುರೋಹಿತರ ನೊಗದಿಂದ ಕಷ್ಟಪಟ್ಟು ಬಿಡಿಸ್ಕೊಂಡು ಬಂದಿದ್ದೇನೆ, ಅಂಥದ್ದೇ ಇನ್ನೊಂದು ನೊಗಕ್ಕೆ ಕತ್ತು ಕೊಡಲ್ಲ ಅನ್ನೋ ಅರ್ಥದಲ್ಲಿ 1885ರಲ್ಲಿ ವಾಂಟೇಜ್ ಮಠದ ಸಿಸ್ಟರ್ ಜೆರಾಲ್ಡಿನ್‌ಗೆ ಬರೆದಿದ್ದಾರೆ. ಕೊನೆ ತನಕ ಮಾಂಸ ಮುಟ್ಟಲಿಲ್ಲ.

"ಇಂಗ್ಲೆಂಡಲ್ಲೂ?" ಅಂದ್ರು ಅಮ್ಮ. ಇಂಗ್ಲೆಂಡಲ್ಲೂ ಅಂದೆ. ಇಷ್ಟು ಹೊತ್ತು ಕೇಳಿದ ಎಲ್ಲದಕ್ಕಿಂತ ಇದು ಅವರಿಗೆ ನಾಟಿತು ನೋಡಿ. "ಮೊಟ್ಟೆ?" ಅಂತನೂ ಕೇಳಿದ್ರು.

ದೌಂಡಲ್ಲಿ ಇಳಿದು ಫೋನಲ್ಲಿ ಬುಕ್ ಮಾಡಿದ್ದ ಲಾಡ್ಜಿಗೆ ಹೋದ್ರೆ ರೂಮೇ ಇಲ್ಲ ಅಂದ್ರು, ದುಡ್ಡು ಕಟ್ ಆಗಿದೆ ರೂಮ್ ಇಲ್ಲ. ಇನ್ನೊಂದು ಕಡೆ ಸಿಕ್ತು, ಸೊಳ್ಳೆ ಜಾಸ್ತಿ. ಅದರ ಬಗ್ಗೆ ಬರೆದು ಪ್ರಯೋಜನ ಇಲ್ಲ.

ದಿನ 4: ಕೇಡಗಾಂವ್

ದೌಂಡಿಂದ ಪುಣೆ ಕಡೆ ಹೋಗೋ ಲೋಕಲ್ ಹತ್ತಿದ್ರೆ ಕೇಡಗಾಂವ್ ಹತ್ರಾನೇ. ಎರಡೂ ಕಡೆ ಕಬ್ಬು. ರಮಾಬಾಯಿ ಇಲ್ಲಿ ಸುಮಾರು ನೂರು ಎಕರೆ ಜಮೀನು ತಗೊಂಡಾಗ ಇದು ಬರಡು ನೆಲ, ಹಣ್ಣಿನ ತೋಟ ಮಾಡಿ ಪುಣೆಯ ಶಾರದಾ ಸದನಕ್ಕೆ ಆದಾಯ ಮಾಡೋಣ ಅಂತ ಇತ್ತು ಲೆಕ್ಕ.

ಶಾರದಾ ಸದನ ಅಂದ್ರೆ ವಿಧವೆಯರಿಗೆ ಅಂತ 11 ಮಾರ್ಚ್ 1889ಕ್ಕೆ ಮುಂಬೈ ಚೌಪಾಟಿಯಲ್ಲಿ ತೆಗೆದ ಶಾಲೆ, ಆಮೇಲೆ ಪುಣೆಗೆ ಬಂತು. ದುಡ್ಡು ಬಂದಿದ್ದು ಅಮೆರಿಕದಿಂದ. ಅಲ್ಲಿ ಹೆಚ್ಚುಕಮ್ಮಿ ಮೂರು ವರ್ಷ ಊರೂರು ಭಾಷಣ ಮಾಡಿ, 1887ರಲ್ಲಿ ಹಿಂದೂ ಮೇಲ್ಜಾತಿ ಹೆಂಗಸಿನ ಬದುಕಿನ ಬಗ್ಗೆ ಇಂಗ್ಲಿಷಲ್ಲಿ ಪುಸ್ತಕ ಬರೆದು ಸೇರಿಸಿದ ಹಣ. ಶಾಲೆಗೆ ಇಟ್ಟ ಹೆಸರು ನೋಡಿ, ಶಾರದೆ. ಮೊದಲು ಸೇರಿದವರಲ್ಲಿ ಗೋದೂಬಾಯಿ ಅಂತ ಒಬ್ಬ ಬಾಲವಿಧವೆ ಇದ್ದಳು, ಮುಂದೆ ಆಕೆಯನ್ನೇ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಮದುವೆಯಾಗಿದ್ದು. 1893ರ ಹೊತ್ತಿಗೆ ಗದ್ದಲ. ಹುಡುಗಿಯರು ರಮಾಬಾಯಿ ಪ್ರಾರ್ಥನೆ ಮಾಡುವಾಗ ಪಕ್ಕ ಬಂದು ಕೂರ್ತಾರೆ, ರಮಾಬಾಯಿ ಬಾಗಿಲು ಹಾಕ್ಕೊಳ್ಳಲ್ಲ. ತಿಲಕರ ಕೇಸರಿ ಪತ್ರಿಕೆ ತರಾಟೆಗೆ ತಗೊಂಡ್ತು, ಸಲಹೆಗಾರರಾಗಿದ್ದ ಸುಧಾರಕರು ರಾನಡೆ, ಭಂಡಾರ್ಕರ್ ರಾಜೀನಾಮೆ ಕೊಟ್ರು, ಹಲವರು ಮಕ್ಕಳನ್ನ ಬಿಡಿಸ್ಕೊಂಡು ಹೋದ್ರು. ನನಗೆ ಇಲ್ಲಿ ಎರಡೂ ಕಡೆ ಸ್ವಲ್ಪ ಅರ್ಥ ಆಗ್ತದೆ. ಮಕ್ಕಳನ್ನ ನಂಬಿ ಕಳಿಸಿದವರಿಗೆ ಭಯ ಆಗಿದ್ದು ಸುಳ್ಳಲ್ಲ, ಧರ್ಮದ ವಿಷಯ ತರಲ್ಲ ಅನ್ನೋ ಮಾತಿನ ಮೇಲೇ ಅಲ್ವಾ ಅವರು ಕಳಿಸಿದ್ದು. ಆದ್ರೆ ಆ ಹುಡುಗಿಯರನ್ನ ಬಿಡಿಸ್ಕೊಂಡು ಹೋಗಿ ಏನು ಮಾಡಿದ್ರು, ಎಲ್ಲಿ ಕೂರಿಸಿದ್ರು, ಹಿಂದಿನ ಕೋಣೆಯಲ್ಲೇ ತಾನೆ.

ರಮಾಬಾಯಿ ಇಲ್ಲಿ ಕಟ್ಟಿದ ಆಶ್ರಮ, ಮುಕ್ತಿ ಮಿಶನ್‌ನ ಗೇಟಲ್ಲಿ ಹೆಸರು ಬರೆದು, ಮೊದಲೇ ಕೇಳಿದ್ದ ಅನುಮತಿ ತೋರಿಸಿ ಒಳಗೆ ಹೋದ್ವಿ. ಮಕ್ಕಳ ಫೋಟೋ ತೆಗೀಬೇಡಿ ಅಂದ್ರು, ಸರಿಯಾದ ಮಾತು. ನಮ್ಮನ್ನ ಸುತ್ತಿಸಿದ ಹಿರಿಯ ಹೆಂಗಸು ಅಲ್ಲೇ ಬೆಳೆದವರು. ಅಮ್ಮ ಚಿತ್ಪಾವನಿಯಲ್ಲಿ ಏನೋ ಕೇಳಿದ್ರೆ ಅವರಿಗೆ ಅರ್ಧ ಅರ್ಥ ಆಗ್ತಿತ್ತು, ಅರ್ಧಕ್ಕೆ ನಗು. ಹೀಗೆ ಮಾತಾಡೋ ಊರೊಂದು ಕರ್ನಾಟಕದಲ್ಲಿ ಉಂಟು, ನಿಮ್ಮ ರಮಾಬಾಯಿ ಅಲ್ಲಿನವರು ಅಂದಾಗ ಅವರು ಅಮ್ಮನ ಕೈ ಹಿಡಿದವರು ಗಂಟೆಗಟ್ಟಲೆ ಬಿಡಲಿಲ್ಲ.

1896-97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನ ಕರ್ಕೊಂಡು ಬಂದ್ರು. ರಾಯಚೂರಿನ ಬಾಗಿಲಲ್ಲಿ ನಿಂತ ಹುಡುಗಿ ಅವರೊಳಗೆ ಇದ್ದೇ ಇದ್ದಳು, ಆ ಹೊತ್ತಲ್ಲಿ ತಮ್ಮ ಬರಗಾಲದ ಅನುಭವ ಬರೆದಿದ್ದೂ ಇದಕ್ಕೇ. ಪುಣೆಯಲ್ಲಿ ಪ್ಲೇಗ್, ಜನ ಸೇರಿಸೋ ಹಾಗಿಲ್ಲ, ಹಾಗಾಗಿ ಎಲ್ಲರನ್ನೂ ಕೇಡಗಾಂವ್ ತೋಟಕ್ಕೆ. ಮೊದಲು ಟೆಂಟು ಗುಡಿಸಲು, 1898ರಲ್ಲಿ ಮುಕ್ತಿ ಅಂತ ಹೆಸರು. ಗುಜರಾತಿನ ಬರ ಆದ ಮೇಲೆ 1900ರ ಸುಮಾರಿಗೆ ಇಲ್ಲಿದ್ದವರು ಎರಡು ಸಾವಿರದ ಹತ್ತಿರ. ಬಾವಿ ತೋಡಿಸಿದ್ರು, ಎಣ್ಣೆ ಗಾಣ, ಮಗ್ಗ, ಹೈನು, ಪ್ರೆಸ್ಸು, ಎಲ್ಲದಕ್ಕೂ ಹೆಂಗಸರೇ. ಕುರುಡರಿಗೆ ಬಾರ್ತಿಮಿ ಸದನ, ಮನೋರಮಾ ಬ್ರೈಲ್ ಕಲಿತು ಬಂದು ಹೇಳ್ಕೊಟ್ಟಿದ್ದು. ಫುಲಂನಲ್ಲಿ ನೋಡಿದ ಮನೆಯ ನೆರಳು ಕೃಪಾ ಸದನ, ಮೋಸ ಹೋಗಿ ಬೀದಿಗೆ ಬಿದ್ದವರಿಗೆ.

ಪ್ರೆಸ್ಸಿನ ವಿಷಯಕ್ಕೆ ಬಂದಾಗ ನನಗೆ ಕಾಲು ಕದಲಲಿಲ್ಲ. ಆಗಿದ್ದ ಮರಾಠಿ ಬೈಬಲ್ಲಿನ ಭಾಷೆ ಹಳ್ಳಿ ಹೆಂಗಸರಿಗೆ ಅರ್ಥ ಆಗ್ತಿಲ್ಲ ಅಂತ ರಮಾಬಾಯಿ ತಮ್ಮ ನಡುವಯಸ್ಸಲ್ಲಿ ಹೀಬ್ರೂ, ಗ್ರೀಕ್ ಕಲಿಯೋಕೆ ಕೂತ್ರು. ವರ್ಷಗಟ್ಟಲೆ ಕೂತು ಇಡೀ ಬೈಬಲನ್ನ ಮೂಲದಿಂದ ಮರಾಠಿಗೆ ತಂದ್ರು, ಅಚ್ಚುಮೊಳೆ ಜೋಡಿಸಿದ್ದು ಬರಗಾಲದಲ್ಲಿ ಸಿಕ್ಕಿದ ಹುಡುಗಿಯರು. ಸಂಸ್ಕೃತ ಹೆಂಗಸರಿಗಲ್ಲ ಅಂದ ಊರಿನ ಪಂಡಿತನ ಮಗಳು ಇಡೀ ಪವಿತ್ರ ಗ್ರಂಥವನ್ನ ಹೆಂಗಸರ ಕೈಯಲ್ಲಿ ಹೆಂಗಸರಿಗಾಗಿ ಅಚ್ಚು ಹಾಕಿಸ್ತಾಳೆ ಅಂದ್ರೆ, ಅನಂತಶಾಸ್ತ್ರಿಗಳ ವಾದ ಉಡುಪಿಯಲ್ಲಿ ನಿಂತಿರಲಿಲ್ಲ, ಇಲ್ಲಿ ತನಕ ನಡ್ಕೊಂಡು ಬಂದಿತ್ತು ಅಂತ ಅನ್ಸಿತು. ಆ ಅಪ್ಪನಿಗೆ ಇದು ಇಷ್ಟ ಆಗ್ತಿತ್ತಾ, ಆಗ್ತಿರಲಿಲ್ಲ ಬಿಡಿ.

ಚರ್ಚು ದೊಡ್ಡದು. 1905ರಲ್ಲಿ ಮುಕ್ತಿಯಲ್ಲಿ ನೂರಾರು ಹೆಂಗಸರು ಒಟ್ಟಿಗೆ ದನಿ ಎತ್ತಿ ಅತ್ತು ಕೂಗಿ ಪ್ರಾರ್ಥನೆ ಮಾಡಿದ್ದರ ಸುದ್ದಿ ಎಲ್ಲೆಲ್ಲಿಗೋ ಹೋಗಿತ್ತಂತೆ. ನಮ್ಮ ಸುಧಾರಣೆ ಗಿಧಾರಣೆ ಬರೆಯೋರು ಈ ಭಾಗ ಬಂದಾಗ ಮೆಲ್ಲಗೆ ಪುಟ ತಿರುಗಿಸ್ತಾರೆ, ಅವರಿಗೆ ಬೇಕಾಗಿದ್ದು ಪಂಡಿತೆ, ಭಕ್ತೆ ಬೇಡ. ಭಕ್ತರ ಕಡೆಯವರು ಬಿಷಪ್ಪರ ಜೊತೆ ಜಗಳದ ಪುಟ ತಿರುಗಿಸ್ತಾರೆ. ನಮ್ಮ ಊರಲ್ಲಂತೂ ಪುಸ್ತಕಾನೇ ತೆರೆದಿಲ್ಲ. ದೀಕ್ಷೆ ತಗೊಂಡು ಎಂಟು ವರ್ಷ ಆದ ಮೇಲೆ, ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅಂತ ಅವರೇ ಹೇಳ್ಕೊಂಡಿದ್ದಾರೆ. ನಾನು ದೇವರ ವಿಷಯದಲ್ಲಿ ಅಷ್ಟೇನೂ ಖಚಿತ ಇಲ್ಲದವಳು, ಆದ್ರೂ ಆ ಖಾಲಿ ಚರ್ಚಲ್ಲಿ ಹಿಂದಿನ ಸಾಲಲ್ಲಿ ಸುಮಾರು ಹೊತ್ತು ಕೂತಿದ್ದೆ.

ಅಷ್ಟರಲ್ಲಿ ಅಮ್ಮ ಕರೆದ್ರು. ಒಂದು ಹಳೆ ಗ್ರೂಪ್ ಫೋಟೋ ಮುಂದೆ ನಿಂತಿದ್ದಾರೆ, ಕನ್ನಡಕ ಹಣೆ ಮೇಲೆ, ಮುಖ ಗಾಜಿಗೆ ತಾಗಿಸಿ. "ನೋಡು, ಎಲ್ಲರಿಗೂ ಕೂದಲು ಉಂಟು." ಹುಡುಗಿಯರು ಸಾಲಾಗಿ ಕೂತಿದ್ದಾರೆ, ನೀಟಾಗಿ ಬಾಚಿ ಬೈತಲೆ ತೆಗೆದಿದ್ದಾರೆ. ಮಧ್ಯದಲ್ಲಿ ಬಿಳಿ ಸೀರೆಯ ರಮಾಬಾಯಿ, ಅವರದ್ದು ಮಾತ್ರ ಗಿಡ್ಡ ಕತ್ತರಿಸಿದ ಕೂದಲು. ಅಮ್ಮ ಬೆರಳಲ್ಲಿ ಒಂದೊಂದೇ ತಲೆ ತೋರಿಸ್ತಾ ಹೋದ್ರು, ಎಣಿಸ್ತಿದ್ರೋ ಏನೋ. 1889ರ ಡಿಸೆಂಬರಲ್ಲಿ ಮುಂಬೈಯಲ್ಲಿ ಸಮಾಜ ಪರಿಷತ್ತಿನ ಸಭೆಯಲ್ಲಿ ವಿಧವೆಯರ ತಲೆ ಬೋಳಿಸೋದರ ವಿರುದ್ಧ ಇವರು ಮಾತಾಡಿದ್ರು ಅಂತ ಹೇಳೋಣ ಅಂದ್ಕೊಂಡೆ, ಹೇಳಲಿಲ್ಲ.

ಮನೋರಮಾ ತೀರಿಕೊಂಡಿದ್ದು ಜುಲೈ 1921, ನಲವತ್ತೇ ವರ್ಷ. ಒಂಬತ್ತು ತಿಂಗಳು ತುಂಬೋಕೆ ಮುಂಚೆ, 5 ಏಪ್ರಿಲ್ 1922ಕ್ಕೆ ತಾಯಿ, ನಿದ್ದೆಯಲ್ಲೇ. ಬೈಬಲ್ಲಿನ ಕೊನೆ ಪ್ರೂಫ್ ತಿದ್ದಿ ಮುಗಿಸಿ ಮಲಗಿದವರು ಏಳಲಿಲ್ಲ ಅಂತ ಇಲ್ಲಿಯವರು ಹೇಳ್ತಾರೆ. ಪೂರ್ತಿ ಪುಸ್ತಕ ಹೊರಬಂದಿದ್ದು 1924ರಲ್ಲಿ. ಸಮಾಧಿ ಹತ್ರ ಅಮ್ಮ ಚಪ್ಪಲಿ ಬಿಟ್ಟು ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ಕೊಂಡ್ರು. ಹಾಗೆ ಮಾಡಬಹುದಾ ಅಂತ ಆ ಹಿರಿಯಾಕೆನ ನೋಡಿದೆ, ಅವರು ಸುಮ್ಮನೆ ನಿಂತಿದ್ರು.

ದಿನ 5: ವಾಪಸ್

ಮಧ್ಯಾಹ್ನ ದೌಂಡಲ್ಲಿ ಉದ್ಯಾನ್ ಹತ್ತಿದ್ವಿ. ಹಿಂದಿನ ದಿನ ಕೇಡಗಾಂವ್‌ನಲ್ಲಿ ಊಟಕ್ಕೆ ಕೊಟ್ಟಿದ್ದ ಭಾಕ್ರಿಯನ್ನ ಅಮ್ಮ ಎರಡು ಕಟ್ಟಿಕೊಂಡು ಬಂದಿದ್ರು, ಉಪ್ಪಿನಕಾಯಿ ಜೊತೆ ಅದೇ ಆಯ್ತು. ಬಾಯಿ ಸುಮ್ಮನಿರಲಿಲ್ಲ, ಮನೆಗೆ ಹೋದ ಮೇಲೆ ದೊಡ್ಡಜ್ಜಿಯ ಫೋಟೋ ಎಲ್ಲಾದ್ರೂ ಉಂಟಾ ಹುಡುಕಬೇಕು, ಅಟ್ಟದ ಪೆಟ್ಟಿಗೆಯಲ್ಲಿ ಇರಬಹುದು ಅಂದ್ರು. ಆಮೇಲೆ ಅವರೇ, "ಅಂಥವರ ಫೋಟೋ ಯಾರು ತೆಗೀತಿದ್ರು" ಅಂದ್ರು.

ಕಲಬುರಗಿ, ವಾಡಿ. ಕತ್ತಲಾಯ್ತು. ಕೃಷ್ಣಾ ಸೇತುವೆ ಸದ್ದು ಬಂದಾಗ ನಾನು ಹೇಳೋಕೆ ಮುಂಚೆನೇ ಎದ್ದು ಚಪ್ಪಲಿ ಹುಡುಕ್ತಿದ್ರು. ರಾಯಚೂರಲ್ಲಿ ನಿಲ್ಲೋದು ಸ್ವಲ್ಪ ಹೊತ್ತೇ, ಇಳಿಯೋದು ಬೇಡ ಅಂದೆ, ಕೇಳಲಿಲ್ಲ, ಬಾಗಿಲ ಕಂಬಿ ಹಿಡ್ಕೊಂಡು ಮೆಲ್ಲಗೆ ಪ್ಲಾಟ್‌ಫಾರ್ಮಿಗೆ ಕಾಲಿಟ್ರು. ಟ್ಯೂಬ್‌ಲೈಟು, ನೀರಿನ ಬಾಟ್ಲಿ ಮಾರೋರು, ಮೂಟೆ ಮೇಲೆ ಮಲಗಿದ್ದ ಒಬ್ಬ ಹುಡುಗ. ಅಮ್ಮ ಆಚೆ ಈಚೆ ನೋಡಿದ್ರು.

"ಸ್ಟೇಷನ್‌ನಿಂದ ಹತ್ರ ಮನೆಯಾ ಅದು, ರೊಟ್ಟಿ ಕೊಟ್ಟದ್ದು?"

ಗೊತ್ತಿಲ್ಲ ಅಮ್ಮ, ಹತ್ತಿ, ಸಿಗ್ನಲ್ ಬಿತ್ತು ಅಂದೆ.